ಹದಿನಾಲ್ಕರ ಹುಡುಗನಿಗೆ ಹೊನ್ನಶೂಲ: ಫ್ರೆಡ್ಡಿ ಅಡು ಪ್ರಕರಣ

2007ರ ಜುಲೈ, ಕೆನಡಾ. 20 ವರ್ಷದೊಳಗಿನವರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಅಮೆರಿಕ ತಂಡ ಪೋಲೆಂಡನ್ನು 6–1ರಿಂದ ಬಗ್ಗುಬಡಿಯಿತು. ಅದರಲ್ಲಿ ಮೂರು ಗೋಲು ನಾಯಕ ಫ್ರೆಡ್ಡಿ ಅಡುವಿನವು. ಮುಂದಿನ ಪಂದ್ಯದಲ್ಲಿ ಅಲೆಕ್ಸಾಂಡ್ರೆ ಪಾಟೊ ಇದ್ದ ಬ್ರೆಜಿಲ್ ತಂಡ ಅಮೆರಿಕದ ಎದುರು 2–1ರಿಂದ ಸೋತಿತು. ಎರಡೂ ಗೋಲು ಜೋಜಿ ಆಲ್ಟಿಡೋರ್ ಹೊಡೆದದ್ದು, ಆದರೆ ದಾಳಿ ಕಟ್ಟುತ್ತಿದ್ದವನು ಅಡು. ಅವನಿಗೆ 18 ತುಂಬಿ ಆಗಷ್ಟೇ ಒಂದು ತಿಂಗಳು.

ಈ ಹುಡುಗನ ಕಥೆ ಬರೆಯುವವರು ಹೆಚ್ಚಾಗಿ 2004ರಿಂದ, ಅವನು ವೃತ್ತಿಪರ ಲೀಗ್‌ಗೆ ಕಾಲಿಟ್ಟ ದಿನದಿಂದ ಶುರು ಮಾಡುತ್ತಾರೆ. ಅಲ್ಲಿಂದ ಹೊರಟರೆ ತೀರ್ಪು ಮೊದಲೇ ಸಿದ್ಧವಾಗಿರುತ್ತದೆ: ಎಳೆ ವಯಸ್ಸು, ದೊಡ್ಡ ದುಡ್ಡು, ತಲೆಗೇರಿದ ಹೆಸರು. 2007ರಲ್ಲಿ ನಿಂತು ಹಿಂದಕ್ಕೂ ಮುಂದಕ್ಕೂ ನೋಡಿದರೆ ಆ ತೀರ್ಪು ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ದೊಡ್ಡವರ ಲೀಗ್‌ನಲ್ಲಿ ಮೂರು ವರ್ಷ ಹೆಣಗಿದ ಮೇಲೂ, ಓರಗೆಯವರ ಜೊತೆ ತನಗೆ ಒಗ್ಗಿದ ಜಾಗದಲ್ಲಿ ಬಿಟ್ಟರೆ ಅವನು ಯಾರ ವಿರುದ್ಧವೂ ಆಡಬಲ್ಲವನಾಗಿದ್ದ. ಅದೇ ಆಟಗಾರ 2011ರ ಹೊತ್ತಿಗೆ ಟರ್ಕಿಯ ಎರಡನೇ ದರ್ಜೆಯ ಲೀಗ್‌ನಲ್ಲಿದ್ದ. ಈ ನಾಲ್ಕು ವರ್ಷಗಳಲ್ಲಿ ಅವನ ಕಾಲಿಗೆ ದೊಡ್ಡ ಗಾಯವೇನೂ ಆಗಿರಲಿಲ್ಲ. ಹಾಗಾಗಿ ಕಾರಣವನ್ನು ಅವನ ಸುತ್ತ ಹುಡುಕಬೇಕಾಗುತ್ತದೆ.

ಟೆಮಾದಿಂದ ಬ್ರಾಡೆಂಟನ್‌ಗೆ

ಹುಟ್ಟಿದ್ದು 1989ರ ಜೂನ್ 2ರಂದು, ಘಾನಾದ ಬಂದರು ಊರು ಟೆಮಾದಲ್ಲಿ. ಆಟ ಕಲಿತದ್ದು ಬೀದಿಯಲ್ಲಿ, ತನಗಿಂತ ದೊಡ್ಡವರ ನಡುವೆ. ಅಲ್ಲಿ ಕೋಚ್ ಇಲ್ಲ, ಅಂಕಪಟ್ಟಿ ಇಲ್ಲ, ತಪ್ಪಿದರೆ ಬೈಯುವವರೂ ಇಲ್ಲ. ಮಕ್ಕಳ ಕ್ರೀಡಾ ಮನಶ್ಶಾಸ್ತ್ರದವರು ಇಂಥ ಆಟಕ್ಕೆ ಬಹಳ ಬೆಲೆ ಕೊಡುತ್ತಾರೆ, ಯಾಕೆಂದರೆ ಮಗು ಅದನ್ನು ಆಡುವುದು ತನ್ನ ಖುಷಿಗಾಗಿ. 1997ರಲ್ಲಿ ಗ್ರೀನ್ ಕಾರ್ಡ್ ಲಾಟರಿ ಹತ್ತಿ ಕುಟುಂಬ ಅಮೆರಿಕದ ಮೇರಿಲ್ಯಾಂಡ್‌ಗೆ ಬಂತು. ಅಲ್ಲಿ ತಾಯಿ ಒಬ್ಬರೇ ಒಂದಕ್ಕಿಂತ ಹೆಚ್ಚು ಕೆಲಸ ಹಿಡಿದು ಮನೆ ನಡೆಸಿದರು. ಹುಡುಗನಿಗೆ ಹತ್ತು ವರ್ಷವಾದಾಗ ಇಟಲಿಯ ದೊಡ್ಡ ಕ್ಲಬ್ಬೊಂದು ಲಕ್ಷಗಟ್ಟಲೆ ಡಾಲರ್ ಮುಂದಿಟ್ಟಿತ್ತೆಂದು ಪತ್ರಿಕೆಗಳು ಬರೆದವು. ತಾಯಿ ಒಪ್ಪಲಿಲ್ಲ. ಮುಂದೆ ಆ ತಾಯಿಯನ್ನು ಹಣದಾಸೆಯವರೆಂದು ಚಿತ್ರಿಸಿದವರು ಈ ನಿರಾಕರಣೆಯನ್ನು ಮರೆತೇಬಿಡುತ್ತಾರೆ.

2002ರ ಜನವರಿಯಲ್ಲಿ, 12ನೇ ವಯಸ್ಸಿಗೆ, ಫ್ಲೋರಿಡಾದ ಬ್ರಾಡೆಂಟನ್‌ನಲ್ಲಿದ್ದ ರಾಷ್ಟ್ರೀಯ ಕಿರಿಯರ ವಸತಿ ತರಬೇತಿ ಶಿಬಿರಕ್ಕೆ ಸೇರಿದ. ಅಲ್ಲಿ ಜೊತೆಗಿದ್ದವರೆಲ್ಲ ಅವನಿಗಿಂತ ಎರಡು ಮೂರು ವರ್ಷ ದೊಡ್ಡವರು. ಓದನ್ನೂ ಅವಸರದಲ್ಲೇ ಮುಗಿಸಲಾಯಿತು. 2003ರ ಫೆಬ್ರವರಿಯಲ್ಲಿ ಪೌರತ್ವ ಸಿಕ್ಕಿತು. ಆಗಸ್ಟ್‌ನಲ್ಲಿ ಫಿನ್ಲೆಂಡ್‌ನಲ್ಲಿ ನಡೆದ 17ರೊಳಗಿನವರ ವಿಶ್ವಕಪ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ ಹ್ಯಾಟ್ರಿಕ್ ಹೊಡೆದ. ಆ ವರ್ಷವೇ ನೈಕಿ ಕಂಪನಿಯ ಜೊತೆ ಹತ್ತು ಲಕ್ಷ ಡಾಲರಿನ ಒಪ್ಪಂದವಾಯಿತು. ನವೆಂಬರ್‌ನಲ್ಲಿ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಮೇಜರ್ ಲೀಗ್ ಸಾಕರ್ ಜೊತೆ ಸಹಿಯೂ ಆಯಿತು. ಅಂದರೆ ಎರಡೇ ವರ್ಷದಲ್ಲಿ ಶಾಲೆ, ಮನೆ, ಓರಗೆಯ ಗೆಳೆಯರು ಮೂರೂ ಬದಲಾದವು. ಬದಲಾಗದೆ ಉಳಿದದ್ದು ‘ಅದ್ಭುತ ಬಾಲಕ’ ಎಂಬ ಪಟ್ಟ ಮಾತ್ರ.

ಲೀಗ್‌ನ ಅಗತ್ಯವೂ ಹುಡುಗನ ಅಗತ್ಯವೂ

2002ರ ಆರಂಭದಲ್ಲಿ ಈ ಲೀಗ್ ಫ್ಲೋರಿಡಾದ ಎರಡು ತಂಡಗಳನ್ನು ಮುಚ್ಚಿತ್ತು. 2004ರಲ್ಲಿ ಉಳಿದಿದ್ದವು ಹತ್ತೇ ತಂಡ. ಮೈದಾನಕ್ಕೆ ಜನರನ್ನೂ ಟಿವಿಗೆ ಕಣ್ಣುಗಳನ್ನೂ ತರಬಲ್ಲ ಒಂದು ಮುಖ ಅದಕ್ಕೆ ತುರ್ತಾಗಿ ಬೇಕಿತ್ತು. ಅಡು ತಾಯಿಯ ಮನೆಯ ಹತ್ತಿರವೇ ಆಡಲೆಂದು, ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲ ಆಯ್ಕೆ ವಾಷಿಂಗ್ಟನ್ನಿನ ಡಿ.ಸಿ. ಯುನೈಟೆಡ್‌ಗೆ ಸಿಗುವಂತೆ ಏರ್ಪಾಡಾಯಿತು. ಇದು ಒಳ್ಳೆಯ ನಿರ್ಧಾರ, ಇಡೀ ಪ್ರಕರಣದಲ್ಲಿ ಸರಿಯಾಗಿ ಆದ ಕೆಲವೇ ಕೆಲಸಗಳಲ್ಲಿ ಒಂದು. ಕಾರು ಓಡಿಸುವ ವಯಸ್ಸಾಗದ ಮಗನನ್ನು ತಾಯಿಯೇ ತರಬೇತಿಗೆ ಬಿಟ್ಟು ಕರೆದೊಯ್ಯುತ್ತಿದ್ದರು.

ಸಂಬಳ ವರ್ಷಕ್ಕೆ ಸುಮಾರು 5 ಲಕ್ಷ ಡಾಲರ್, ಲೀಗ್‌ನಲ್ಲೇ ಅತಿ ಹೆಚ್ಚು. ಅದೇ ಲೀಗ್‌ನ ತಳದಲ್ಲಿದ್ದ ಆಟಗಾರರಿಗೆ ವರ್ಷಕ್ಕೆ 20 ಸಾವಿರ ಡಾಲರೂ ಸಿಗುತ್ತಿರಲಿಲ್ಲ. ಡ್ರೆಸ್ಸಿಂಗ್ ರೂಮಿನಲ್ಲಿ ಇಂಥ ಅಂತರ ಏನು ಮಾಡುತ್ತದೆ ಎಂಬುದನ್ನು ಬಲ್ಲವರು ಬಲ್ಲರು. ಹೊಸ ಹುಡುಗ ಸಾಮಾನ್ಯವಾಗಿ ತಂಡದೊಳಕ್ಕೆ ಬರುವುದು ಚಾಕರಿಯ ಬಾಗಿಲಿನಿಂದ: ಚೆಂಡಿನ ಚೀಲ ಹೊರುತ್ತಾನೆ, ಹಿರಿಯರ ಗೇಲಿ ಕೇಳುತ್ತಾನೆ, ಒಂದು ದಿನ ಚೆನ್ನಾಗಿ ಆಡುತ್ತಾನೆ, ಅಂದಿನಿಂದ ಅವರಲ್ಲಿ ಒಬ್ಬನಾಗುತ್ತಾನೆ. ಆಳಾಗಬಲ್ಲವನು ಅರಸಾಗಬಲ್ಲ ಅನ್ನುವುದು ಫುಟ್‌ಬಾಲ್ ತಂಡಕ್ಕೆ ಅಕ್ಷರಶಃ ಸಲ್ಲುವ ಮಾತು. ಅಡುವಿಗೆ ಆ ಬಾಗಿಲೇ ಇರಲಿಲ್ಲ, ಅರಸನೆಂದು ಕರೆದ ಮೇಲೆಯೇ ಒಳಕ್ಕೆ ಬಿಟ್ಟರು. ಪಂದ್ಯ ಮುಗಿದ ಸಂಜೆ ಉಳಿದವರು ಮದುವೆ, ಮಕ್ಕಳು, ಮನೆಸಾಲದ ಮಾತಾಡುವಾಗ ಅವನು ಯಾರ ಜೊತೆ ಕೂರಬೇಕಿತ್ತು? ಮನಶ್ಶಾಸ್ತ್ರದಲ್ಲಿ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಕಟ್ಟಿಕೊಟ್ಟ ಒಂದು ಚೌಕಟ್ಟಿದೆ. ಒಳಗಿನ ಹುರುಪು ಉಳಿಯಲು ಮೂರು ಬೇಕು ಎನ್ನುತ್ತದೆ ಅದು: ನನ್ನ ಕೈಲಾಗುತ್ತದೆ ಎಂಬ ಭಾವ, ಇದು ನನ್ನ ಆಯ್ಕೆ ಎಂಬ ಭಾವ, ಇವರು ನನ್ನವರು ಎಂಬ ಭಾವ. ಮೂರನೆಯದು ಮೊದಲ ದಿನವೇ ಅವನ ಕೈತಪ್ಪಿತು.

2004ರ ಏಪ್ರಿಲ್ 3ರಂದು ಸ್ಯಾನ್ ಹೋಸೆ ತಂಡದ ವಿರುದ್ಧ ಬದಲಿ ಆಟಗಾರನಾಗಿ ಮೈದಾನಕ್ಕಿಳಿದಾಗ ಅವನ ವಯಸ್ಸು 14 ವರ್ಷ 306 ದಿನ. ಎರಡು ವಾರದಲ್ಲಿ ಮೊದಲ ಗೋಲು ಬಂತು. ಆ ಋತುವಿನಲ್ಲಿ 30 ಪಂದ್ಯ, 5 ಗೋಲು. ಆದರೆ ಅರ್ಧದಷ್ಟು ಪಂದ್ಯಗಳಲ್ಲಿ ಅವನು ಇಳಿದದ್ದು ಬದಲಿಯಾಗಿ. ಡಿ.ಸಿ. ಯುನೈಟೆಡ್ ಆ ವರ್ಷ ಲೀಗ್ ಕಪ್ಪನ್ನೇ ಗೆದ್ದಿತು. ಇಲ್ಲಿ ಸ್ವಲ್ಪ ನಿಲ್ಲಬೇಕು. ಕೋಚ್ ಪೀಟರ್ ನೊವಾಕ್ ಗೆಲ್ಲಲು ಕುಳಿತವರು, ಹುಡುಗನನ್ನು ಬೆಳೆಸಲು ಕುಳಿತವರಲ್ಲ. ಅವರ ಕೆಲಸದ ಮಾನದಂಡವೇ ಗೆಲುವು. ಅಡು ಬಯಸಿದ ಜಾಗ ಮುಂಚೂಣಿ ಆಟಗಾರರ ಹಿಂದಿನ ನಡುಭಾಗ. ಆ ಋತುವಿನ ನಡುವೆ ಬಂದ ಅರ್ಜೆಂಟೀನಾದ ಕ್ರಿಶ್ಚಿಯನ್ ಗೋಮೆಜ್ ಅಲ್ಲಿ ತಳವೂರಿದರು, ಹುಡುಗ ಹೆಚ್ಚಾಗಿ ಅಂಚಿಗೆ ಸರಿದ. ಮೈದಾನದ ನಡುವೆ ಆಡುವವನು ಎರಡೂ ಕಡೆ ನೋಡಿ ಚೆಂಡು ಹಂಚುವುದನ್ನು ಕಲಿಯುತ್ತಾನೆ. ಅಂಚಿನಲ್ಲಿ ಆಡುವವನು ಗೆರೆಯನ್ನು ಬೆನ್ನಿಗಿಟ್ಟುಕೊಂಡು ಒಬ್ಬನನ್ನು ದಾಟುವುದನ್ನು ಕಲಿಯುತ್ತಾನೆ. ಎರಡೂ ಬೇರೆ ಬೇರೆ ವಿದ್ಯೆಗಳು. 14ರಿಂದ 17ರವರೆಗೆ, ಅಂದರೆ ನಿರ್ಧಾರ ಮಾಡುವ ಕಣ್ಣು ಪಳಗುವ ವಯಸ್ಸಿನಲ್ಲಿ, ಅವನು ಪಳಗಿದ್ದು ಎರಡನೆಯದರಲ್ಲಿ.

2006ರಲ್ಲಿ ಅವನು 32 ಪಂದ್ಯ ಆಡಿದ ಎಂಬುದನ್ನೂ ಹೇಳಲೇಬೇಕು. ಅವಕಾಶವೇ ಕೊಡಲಿಲ್ಲ ಅನ್ನುವ ದೂರು ಪೂರ್ತಿ ನಿಜವಲ್ಲ. ನಿಮಿಷಗಳು ಸಿಕ್ಕವು, ಜಾಗ ಸಿಗಲಿಲ್ಲ. ಮೂರು ಋತುಗಳ ಲೆಕ್ಕ ಒಟ್ಟು 87 ಪಂದ್ಯ, 11 ಗೋಲು. 17 ತುಂಬಿದ ಮಾಮೂಲಿ ಹುಡುಗನಿಗೆ ಇದು ಹಬ್ಬ. ‘ಮುಂದಿನ ಪೆಲೆ’ ಎಂಬ ಹಣೆಪಟ್ಟಿ ಹೊತ್ತವನಿಗೆ ಇದು ಸೋಲು. ತಂಪು ಪಾನೀಯದ ಜಾಹೀರಾತಿನಲ್ಲಿ ಪೆಲೆಯ ಪಕ್ಕದಲ್ಲೇ ಅವನನ್ನು ನಿಲ್ಲಿಸಿದ್ದರಲ್ಲ!

ಹೊಗಳಿಕೆ ಕೆಲಸ ಮಾಡಿದ ಬಗೆ

ಹೊಗಳಿಕೆಯಿಂದ ತಲೆ ತಿರುಗುತ್ತದೆ ಅನ್ನುವುದು ಅಜ್ಜಿ ಮಾತು. ಸುಳ್ಳಲ್ಲ, ಆದರೆ ಅರ್ಧ ನಿಜ. ಹೆಚ್ಚು ಅಪಾಯವಿರುವುದು ಹೊಗಳಿಕೆ ಯಾವುದಕ್ಕೆ ಸಲ್ಲುತ್ತದೆ ಎಂಬುದರಲ್ಲಿ. ಯುವ ಆಟಗಾರರ ಸುತ್ತಲಿನ ವಾತಾವರಣ ಎರಡು ಬಗೆಯದು. ಒಂದರಲ್ಲಿ ನಿನ್ನೆಯ ನಿನಗಿಂತ ಇವತ್ತಿನ ನೀನು ಎಷ್ಟು ಮೇಲು ಎಂದು ಅಳೆಯುತ್ತಾರೆ. ಇನ್ನೊಂದರಲ್ಲಿ ಪಕ್ಕದವನಿಗಿಂತ ನೀನು ಎಷ್ಟು ಮೇಲು ಎಂದು. ಎರಡನೆಯದರಲ್ಲಿ ಬೆಳೆದವನು ಗೆಲ್ಲುತ್ತಿರುವವರೆಗೆ ಹೊಳೆಯುತ್ತಾನೆ. ಮೊದಲ ಬಾರಿ ಬೆಂಚಿನಲ್ಲಿ ಕೂತಾಗ ಅವನ ಕೈಯಲ್ಲಿ ಅಳತೆಗೋಲೇ ಇರುವುದಿಲ್ಲ. ತರಬೇತಿಯಲ್ಲಿ ಸುಧಾರಿಸುತ್ತಿದ್ದೇನೆಂಬ ಸಮಾಧಾನ ಅವನಿಗೆ ಸಿಗುವುದಿಲ್ಲ, ಯಾಕೆಂದರೆ ಅದನ್ನು ಯಾರೂ ಅಳೆದು ತೋರಿಸಿರುವುದಿಲ್ಲ.

ಅಡುವಿನ ವಿಷಯದಲ್ಲಿ ಈ ಹೋಲಿಕೆ ಎಂಟು ಹತ್ತು ವರ್ಷಗಳಿಂದ ನಡೆದುಬಂದದ್ದು. ಯಾವ ತಂಡದಲ್ಲಿದ್ದರೂ ಅತಿ ಕಿರಿಯ ಅವನೇ, ಅತಿ ಚುರುಕೂ ಅವನೇ. ಚೆಂಡಿಲ್ಲದಾಗ ಓಡುವುದು, ಹಿಂದಕ್ಕೆ ಬಂದು ರಕ್ಷಣೆಗೆ ನಿಲ್ಲುವುದು ಅವನಿಗೆ ಅನಿವಾರ್ಯವೇ ಆಗಿರಲಿಲ್ಲ. ಅವಿಲ್ಲದೆಯೇ ತಂಡ ಗೆಲ್ಲುತ್ತಿತ್ತು. 24 ವರ್ಷದ ಗಟ್ಟಿ ಮೈಯ ರಕ್ಷಕರ ಎದುರು ಅವೇ ಮೊದಲು ಬೇಕಾದವು. ಅವನ್ನು ಹೊಸದಾಗಿ ಕಲಿಯುವುದೆಂದರೆ ತಪ್ಪುವುದು, ತಪ್ಪುತ್ತಾ ಕಲಿಯುವುದು. ಆದರೆ ಅವನ ಪ್ರತಿ ತಪ್ಪಿನ ಮುಂದೆಯೂ ಕ್ಯಾಮೆರಾ ಇತ್ತು. ಲೀಗ್‌ನ ಮೀಸಲು ತಂಡಗಳ ಪಂದ್ಯಾವಳಿ ಶುರುವಾದದ್ದೇ 2005ರಲ್ಲಿ. 2004ರಲ್ಲಿ ಯಾರೂ ನೋಡದ ಮೈದಾನದಲ್ಲಿ ಹೋಗಿ ಕೆಟ್ಟದಾಗಿ ಆಡಿ ಬರಲು ಅವನಿಗೆ ಒಂದು ಎರಡನೇ ತಂಡವೂ ಇರಲಿಲ್ಲ. ನಮ್ಮ ಅಂದಾಜಿನಲ್ಲಿ ಹಣಕ್ಕಿಂತ, ಪ್ರಚಾರಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಈ ಕೊರತೆ.

2005ರ ಋತುವಿನ ಕೊನೆಗೆ, ಹೆಚ್ಚು ಆಡಿಸುತ್ತಿಲ್ಲವೆಂದು ಅವನು ಪತ್ರಕರ್ತರ ಮುಂದೆ ಗೊಣಗಿದ. ಕ್ಲಬ್ ಒಂದು ಪಂದ್ಯದಿಂದ ಹೊರಗಿಟ್ಟಿತು. ಅದನ್ನು ಪೊಗರು ಎಂದರು. 16ರ ಹುಡುಗ ಗೊಣಗುವುದು ಲೋಕರೂಢಿ. ಅದನ್ನು ಅಮ್ಮನ ಮುಂದೆಯೋ ಸಹಾಯಕ ಕೋಚ್ ಮುಂದೆಯೋ ಗೊಣಗಬೇಕು. ಅವನ ಮುಂದೆ ದಿನವೂ ಇದ್ದದ್ದು ಮೈಕು.

ಮೈಯ ಲೆಕ್ಕವನ್ನೂ ಮನಸ್ಸಿನ ಜೊತೆಗೇ ಇಡಬೇಕು. ಹುಡುಗರಲ್ಲಿ ಎತ್ತರ ರಭಸದಿಂದ ಏರುವ ಘಟ್ಟ ಸರಾಸರಿ 14ರ ಆಸುಪಾಸಿಗೆ ಬರುತ್ತದೆ. ಕೆಲವರಿಗೆ 12ಕ್ಕೇ ಬರುತ್ತದೆ, ಕೆಲವರಿಗೆ 16 ಆಗುತ್ತದೆ. ಬೇಗ ಬಲಿತವನು ಆ ಎರಡು ವರ್ಷ ಮೈಬಲದಿಂದಲೇ ಎಲ್ಲರನ್ನೂ ದಾಟುತ್ತಾನೆ, ಆಮೇಲೆ ಉಳಿದವರು ಬೆಳೆದು ಸಮಕ್ಕೆ ಬರುತ್ತಾರೆ. ಅಡು 14ಕ್ಕೇ ಸುಮಾರು 5 ಅಡಿ 8 ಇಂಚು ಇದ್ದ, ದೊಡ್ಡವನಾದ ಮೇಲೂ ಅಷ್ಟೇ. ಇದನ್ನೇ ಹಿಡಿದು ವಯಸ್ಸು ಸುಳ್ಳೆಂಬ ಗುಸುಗುಸು ವರ್ಷಗಟ್ಟಲೆ ಹಬ್ಬಿತು. ಪುರಾವೆಯಂತೂ ಬರಲಿಲ್ಲ. ಬೇಗ ಬೆಳೆದು ಬೇಗ ನಿಲ್ಲುವ ಹುಡುಗರು ಎಲ್ಲ ಊರಲ್ಲೂ ಇದ್ದಾರೆ. ಆದರೆ ಹೋದಲ್ಲೆಲ್ಲ ‘ನಿಜವಾಗಿ ನಿನಗೆಷ್ಟು ವಯಸ್ಸು?’ ಎಂದು ಕೇಳಿಸಿಕೊಳ್ಳುವ ವಲಸೆಗಾರ ಬಾಲಕನ ಮನಸ್ಸಿನ ಮೇಲೆ ಅದೂ ಒಂದು ಹೊರೆಯೇ.

ಸಾಲ್ಟ್ ಲೇಕ್, ಲಿಸ್ಬನ್, ಮತ್ತೆ ಎಲ್ಲೆಲ್ಲೋ

2006ರ ಡಿಸೆಂಬರ್‌ನಲ್ಲಿ ಅವನನ್ನು ರಿಯಲ್ ಸಾಲ್ಟ್ ಲೇಕ್ ತಂಡಕ್ಕೆ ಕೊಟ್ಟರು. ಅಲ್ಲಿನ ಕೋಚ್ ಜಾನ್ ಎಲಿಂಗರ್ ಬ್ರಾಡೆಂಟನ್ ದಿನಗಳಲ್ಲಿ ಅವನನ್ನು ತಿದ್ದಿದವರೇ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಆದರೆ 2007ರ ಮೇ ತಿಂಗಳಲ್ಲೇ ಎಲಿಂಗರ್ ಅವರನ್ನು ತೆಗೆದುಹಾಕಿದರು. ಅಡು ಆ ತಂಡಕ್ಕೆ ಆಡಿದ್ದು ಲೀಗ್‌ನ 11 ಪಂದ್ಯ.

ಫಿಫಾ ನಿಯಮದಂತೆ 18 ತುಂಬದವರನ್ನು, ಕೆಲವು ವಿನಾಯಿತಿಗಳ ಹೊರತು, ಒಂದು ದೇಶದಿಂದ ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ. ಹಾಗಾಗಿ ಯುರೋಪಿನ ಬಾಗಿಲು ತೆರೆದದ್ದು 2007ರ ಜೂನ್‌ಗೆ. ಮರುತಿಂಗಳೇ ಪೋರ್ಚುಗಲ್‌ನ ಬೆನ್ಫಿಕಾ 20 ಲಕ್ಷ ಡಾಲರ್ ಕೊಟ್ಟು ಕೊಂಡಿತು. ಋತುವಿನ ಮೊದಲ ಲೀಗ್ ಪಂದ್ಯ ಮುಗಿಯುತ್ತಿದ್ದಂತೆ ಕೋಚ್ ಫರ್ನಾಂಡೊ ಸ್ಯಾಂಟೋಸ್ ಹೋದರು. ಬದಲಿಗೆ ಬಂದ ಹೋಸೆ ಆಂಟೋನಿಯೊ ಕಮಾಚೊ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟರು. ಮೂರನೆಯವರು ಉಳಿದ ಪಂದ್ಯಗಳನ್ನು ನೋಡಿಕೊಂಡರು. ಒಬ್ಬ ಹುಡುಗನನ್ನು ಬೇಕೆಂದು ತರಿಸಿಕೊಂಡ ಕೋಚ್ ಹೋದರೆ, ಮುಂದಿನವರಿಗೆ ಅವನು ಯಾರದೋ ಹಳೆಯ ಸಾಮಾನು.

ಆಮೇಲಿನದು ಬೇಗ ಹೇಳಿ ಮುಗಿಸಬಹುದಾದ ಪಟ್ಟಿ: ಫ್ರಾನ್ಸ್‌ನ ಲೀಗ್‌ನಲ್ಲಿ ಆಡುವ ಮೊನಾಕೊ, ಪೋರ್ಚುಗಲ್‌ನ ಬೆಲೆನೆನ್ಸೆಸ್, ಗ್ರೀಸ್‌ನ ಆರಿಸ್, ಟರ್ಕಿಯ ರಿಜೆಸ್ಪೋರ್. ಮೂರು ವರ್ಷದಲ್ಲಿ ನಾಲ್ಕು ಕಡೆ ಎರವಲು, ಅಂದರೆ ಒಪ್ಪಂದ ಬೆನ್ಫಿಕಾದ್ದೇ, ಆಟ ಮಾತ್ರ ಬೇರೆ ಕ್ಲಬ್‌ಗೆ. ಉತ್ತರ, ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ದೇಶಗಳ ಟೂರ್ನಿಯಾದ ಗೋಲ್ಡ್ ಕಪ್‌ನ 2011ರ ಸೆಮಿಫೈನಲ್‌ನಲ್ಲಿ ಪನಾಮಾ ವಿರುದ್ಧ ಬದಲಿಯಾಗಿ ಬಂದು ಗೆಲುವಿನ ಗೋಲಿನ ದಾಳಿಗೆ ಚೆಂಡು ಕೊಟ್ಟ, ಫೈನಲ್‌ನಲ್ಲಿ ಮೆಕ್ಸಿಕೊ ವಿರುದ್ಧ ಮೊದಲಿನಿಂದಲೇ ಆಡಿದ. ಕಾಲು ಇನ್ನೂ ಮರೆತಿರಲಿಲ್ಲ. ರಾಷ್ಟ್ರೀಯ ತಂಡಕ್ಕೆ ಒಟ್ಟು 17 ಪಂದ್ಯ. ಮುಂದೆ ಫಿಲಡೆಲ್ಫಿಯಾ, ಬ್ರೆಜಿಲ್‌ನ ಬಹಿಯಾ, ಸರ್ಬಿಯಾ, ಫಿನ್ಲೆಂಡ್, ಟ್ಯಾಂಪಾ ಬೇ, ಲಾಸ್ ವೇಗಸ್, ಕೊನೆಗೆ ಸ್ವೀಡನ್‌ನ ಸಣ್ಣದೊಂದು ಕ್ಲಬ್. ಎಲ್ಲ ಸೇರಿ ಹದಿನಾಲ್ಕು ಕ್ಲಬ್.

ಪ್ರತಿ ಎರವಲೂ ಕೇಳಲು ಸರಿಯಾಗಿಯೇ ಇರುತ್ತದೆ: ಇಲ್ಲಿ ಜಾಗವಿಲ್ಲ, ಅಲ್ಲಿ ಹೋಗಿ ಆಡಲಿ. ಅಲ್ಲಿ ಏನಾಗುತ್ತದೆ ನೋಡಿ. ಹೊಸ ಊರಿಗೆ ಹೋದವನಿಗೆ ಭಾಷೆ, ಮನೆ, ಊಟಕ್ಕೆ ಒಗ್ಗಲು ಎರಡು ಮೂರು ತಿಂಗಳು ಬೇಕು. ಕೋಚ್ ನಂಬಿಕೆ ಗಳಿಸಲು ಇನ್ನೆರಡು ತಿಂಗಳು. ಅಷ್ಟರಲ್ಲಿ ಹತ್ತು ತಿಂಗಳ ಎರವಲಿನ ಅರ್ಧ ಕಳೆದಿರುತ್ತದೆ. ಮುಂದಿನ ವರ್ಷ ತನ್ನ ಬಳಿ ಇರದ ಆಟಗಾರನನ್ನು ತಿದ್ದುವುದಕ್ಕೆ ಎರವಲು ಪಡೆದ ಕ್ಲಬ್‌ಗೆ ಕಾರಣವೂ ಇಲ್ಲ. 14ಕ್ಕೆ ಸಹಿ ಹಾಕಿದ್ದಕ್ಕಿಂತ 18ರಿಂದ 22ರವರೆಗಿನ ಈ ಅಲೆದಾಟವೇ ದೊಡ್ಡ ತಪ್ಪು ಎಂಬುದು ನಮ್ಮ ಅಭಿಪ್ರಾಯ. ಡಿ.ಸಿ.ಯಲ್ಲಿ ಕನಿಷ್ಠ ರಾತ್ರಿ ಮನೆಗೆ ಹೋದರೆ ಅಮ್ಮ ಇದ್ದರು.

ಅದೇ ಟೂರ್ನಿಯ ಇನ್ನೊಬ್ಬ ಹುಡುಗ

2003ರ ಫಿನ್ಲೆಂಡ್ ವಿಶ್ವಕಪ್‌ನಲ್ಲಿ ಅತ್ಯುತ್ತಮ ಆಟಗಾರನೆನಿಸಿಕೊಂಡವನು ಸ್ಪೇನ್‌ನ ಸೆಸ್ಕ್ ಫ್ಯಾಬ್ರೆಗಾಸ್. ಅಡುವಿಗಿಂತ ಎರಡು ವರ್ಷ ದೊಡ್ಡವನು, ಹಾಗಾಗಿ ಹೋಲಿಕೆ ತೀರಾ ನೇರವಲ್ಲ. ಆದರೂ ಮುಂದಿನ ಹನ್ನೆರಡು ತಿಂಗಳು ನೋಡುವಂತಿವೆ. ಬಾರ್ಸಿಲೋನಾ ಬಿಟ್ಟು ಲಂಡನ್ನಿನ ಆರ್ಸೆನಲ್ ಸೇರಿದ. ಒಂದು ಕುಟುಂಬದ ಮನೆಯಲ್ಲಿ, ತನ್ನಂತೆಯೇ ಹೊರದೇಶದಿಂದ ಬಂದ ಇನ್ನೊಬ್ಬ ಯುವ ಆಟಗಾರನ ಜೊತೆ ಇದ್ದ. ಅಕ್ಟೋಬರ್‌ನಲ್ಲಿ ಲೀಗ್ ಕಪ್ ಎಂಬ, ಪ್ರೀಮಿಯರ್ ಲೀಗ್‌ಗೆ ಹೊರತಾದ ಟೂರ್ನಿಯ ಪಂದ್ಯವೊಂದರಲ್ಲಿ ಮೊದಲ ತಂಡಕ್ಕೆ ಆಡಿದ. ಆರ್ಸೆನಲ್ ಒಂದೂ ಸೋಲಿಲ್ಲದೆ ಗೆದ್ದ ಆ ಪ್ರೀಮಿಯರ್ ಲೀಗ್ ಋತುವಿನಲ್ಲಿ ಅವನಿಗೆ ಒಂದು ಲೀಗ್ ಪಂದ್ಯವೂ ಸಿಗಲಿಲ್ಲ. ಯಾರೂ ಕೇಳಲೂ ಇಲ್ಲ. ದಿನವೂ ವಿಯೆರಾ, ಬರ್ಗ್‌ಕ್ಯಾಂಪ್ ಅವರಂಥವರ ಜೊತೆ ತರಬೇತಿ, ಪಂದ್ಯಕ್ಕೆ ಮೀಸಲು ತಂಡ. ಮರುವರ್ಷ ಹಿರಿಯರು ಗಾಯಗೊಂಡಾಗ ನಡುಭಾಗದ ಅದೇ ಜಾಗಕ್ಕೆ ಬಂದ, ಅಲ್ಲೇ ನಿಂತ. ಕೋಚ್ ಆರ್ಸೆನ್ ವೆಂಗರ್ 1996ರಿಂದ ಇದ್ದವರು, ಫ್ಯಾಬ್ರೆಗಾಸ್ ಕ್ಲಬ್ ಬಿಟ್ಟ 2011ರಲ್ಲೂ ಅವರೇ ಇದ್ದರು. ಅದೇ ಎಂಟು ವರ್ಷದಲ್ಲಿ ಅಡು ಕಂಡ ಕೋಚ್‌ಗಳನ್ನು ಎಣಿಸಲು ಒಂದು ಕೈ ಸಾಲದು.

ಕೋಚ್ ಮೇಜಿನ ಮೇಲೆ ಇರಬೇಕಾದ ಲೆಕ್ಕಗಳು

ಓರಗೆಯವರಿಗಿಂತ ಬಹಳ ಮುಂದಿರುವ ಹುಡುಗ ಅಥವಾ ಹುಡುಗಿ ಅಕಾಡೆಮಿಗೆ ಬಂದರೆ ಮೊದಲ ಕೆಲಸ ಅಳತೆ. ಮೂರು ತಿಂಗಳಿಗೊಮ್ಮೆ, ಬೆಳಗಿನ ಹೊತ್ತು, ಬರಿಗಾಲಲ್ಲಿ ನಿಂತ ಎತ್ತರ, ಕೂತ ಎತ್ತರ, ತೂಕ. ಸಂಜೆಗೆ ಎತ್ತರ ಒಂದು ಸೆಂಟಿಮೀಟರಿನಷ್ಟು ಇಳಿದಿರುತ್ತದೆ, ಆದ್ದರಿಂದ ಹೊತ್ತು ಬದಲಿಸಬಾರದು. ತಂದೆ ತಾಯಿಯ ಎತ್ತರವೂ ಸೇರಿದರೆ ಖಾಮಿಸ್–ರೋಶ್ ಸೂತ್ರದಿಂದ ಮಗು ಮುಂದೆ ಎಷ್ಟು ಎತ್ತರ ಬೆಳೆಯಬಹುದೆಂದು ಅಂದಾಜಿಸಬಹುದು. ಓರಗೆಯವರಿಗಿಂತ ಮೊದಲೇ ಈಗಿನ ಎತ್ತರ ಅದರ ಶೇ. 95 ದಾಟಿದ್ದರೆ, ನೀವು ನೋಡುತ್ತಿರುವ ಮೇಲುಗೈಯಲ್ಲಿ ಒಂದು ಪಾಲು ಬೇಗ ಬಂದ ಮೈಯದು. ಇಂಗ್ಲೆಂಡಿನ ಅಕಾಡೆಮಿಗಳು ಹುಟ್ಟಿದ ವರ್ಷ ಬಿಟ್ಟು ಈ ಶೇಕಡಾವಾರಿನಲ್ಲೇ, ಉದಾಹರಣೆಗೆ 85ರಿಂದ 90ರೊಳಗಿನವರನ್ನು ಒಟ್ಟು ಹಾಕಿ, ಆಗಾಗ ಪಂದ್ಯ ಆಡಿಸುತ್ತವೆ. ಬೇಗ ಬಲಿತವನಿಗೆ ಅಲ್ಲಿ ಮೊದಲ ಬಾರಿಗೆ ಬುದ್ಧಿಯಿಂದ ಆಡಬೇಕಾಗುತ್ತದೆ, ತಡವಾಗಿ ಬಲಿಯುವವನಿಗೆ ಮೊದಲ ಬಾರಿಗೆ ಚೆಂಡು ಸಿಗುತ್ತದೆ.

ದೊಡ್ಡವರ ಗುಂಪಿಗೆ ಏರಿಸಬೇಕೆನಿಸಿದರೆ ಪೂರ್ತಿ ಎತ್ತಿ ಹಾಕಬೇಡಿ. ವಾರದಲ್ಲಿ ನಾಲ್ಕು ಅಭ್ಯಾಸಗಳಿದ್ದರೆ ಎರಡು ಮೇಲಿನವರ ಜೊತೆ, ಎರಡು ಓರಗೆಯವರ ಜೊತೆ ಇರಲಿ. ಪಂದ್ಯಗಳಲ್ಲೂ ಅದೇ ಪಾಲು. ಮೇಲೆ ಅವನು ಕಷ್ಟಪಟ್ಟು ಕಲಿಯುತ್ತಾನೆ, ಕೆಳಗೆ ಮುಂದಾಳಾಗಿ ಕಲಿಯುತ್ತಾನೆ. ಒಂದನ್ನು ತಪ್ಪಿಸಿದರೆ ಒಂದು ಕಾಲಲ್ಲಿ ನಡೆಸಿದಂತೆ. ಓರಗೆಯ ಗುಂಪಿನಲ್ಲಿ ಆಡುವ ದಿನ ಅವನಿಗೆ ಗೋಲಿನ ಗುರಿ ಕೊಡಬಾರದು. ಚೆಂಡು ಕಳೆದುಕೊಂಡ ಐದು ಸೆಕೆಂಡಿನೊಳಗೆ ಎಷ್ಟು ಸಲ ಹಿಂದಕ್ಕೆ ಓಡಿದ, ಎಡಗಾಲಲ್ಲಿ ಎಷ್ಟು ಪಾಸ್ ಕೊಟ್ಟ ಎಂಬಂಥ, ಅವನು ಇನ್ನೂ ಕಲಿಯದ ಕೆಲಸವನ್ನೇ ಎಣಿಸಿ ತೋರಿಸಿ.

ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆದರೆ ಸಾಕು: ದಿನಾಂಕ, ಆಡಿದ ನಿಮಿಷ, ಆಡಿದ ಜಾಗ, ಯಾರು ಆಡಿಸಿದರು. 16ರಿಂದ 19ರ ನಡುವೆ ಒಂದು ಋತುವಿಗೆ ಎಲ್ಲ ತಂಡಗಳೂ ಸೇರಿ 2,000 ನಿಮಿಷ, ಅಂದರೆ 22 ಪೂರ್ಣ ಪಂದ್ಯಗಳಷ್ಟು ಆಟ, ಅದರಲ್ಲಿ ಬಹುಪಾಲು ಒಂದೇ ಜಾಗದಲ್ಲಿ ಸಿಗಲಿ ಎಂಬುದು ನಾವು ಇಟ್ಟುಕೊಳ್ಳುವ ಅಳತೆ. ಮೂರನೇ ಕಾಲಂನಲ್ಲಿ ಪಂದ್ಯಕ್ಕೊಂದು ಜಾಗ ಬರೆಯಬೇಕಾಗಿ ಬಂದರೆ, ನಾಲ್ಕನೆಯದರಲ್ಲಿ ವರ್ಷಕ್ಕೆ ಎರಡು ಹೆಸರು ಬದಲಾದರೆ, ಮಾತಾಡುವ ಹೊತ್ತು ಬಂದಿದೆ ಎಂದು ತಿಳಿಯಬೇಕು.

ಮನೆಯವರ ಪಾಲು ಚಿಕ್ಕದಾಗಿ ಕಂಡರೂ ಭಾರವಾದದ್ದು. ಪಂದ್ಯ ಮುಗಿಸಿ ಮನೆಗೆ ಬರುವ ದಾರಿಯಲ್ಲಿ ಆಟದ ಮಾತು ಬೇಡ, ಮಗುವೇ ತೆಗೆದರೆ ಕೇಳಿಸಿಕೊಳ್ಳಿ. ಸೋತ ದಿನವೂ ಗೆದ್ದ ದಿನವೂ ಅದೇ ಊಟ, ಅದೇ ಮುಖ ಇರಲಿ. ಮನೆಯ ಖರ್ಚು ಮಗುವಿನ ಆಟದ ಆದಾಯದ ಮೇಲೆ ನಿಲ್ಲಬಾರದು. ಹಣ ಬಂದರೂ ಅದು 18 ತುಂಬುವವರೆಗೆ ಮುಟ್ಟದ ಖಾತೆಯಲ್ಲಿರಲಿ. ಇಲ್ಲದಿದ್ದರೆ ‘ಈ ವರ್ಷ ಆಡುವುದು ಬೇಡ, ಓದುತ್ತೇನೆ’ ಎಂದು ಹೇಳುವ ಅಧಿಕಾರ ಆ ಮಗುವಿಗೆ ಉಳಿಯುವುದಿಲ್ಲ. ಪತ್ರಿಕೆ, ಯೂಟ್ಯೂಬ್ ಸಂದರ್ಶನಗಳಿಗೆ 16ರವರೆಗೆ ಬೇಡ ಅನ್ನುವುದೇ ಸುಲಭ. ಪಾಲಕರು ಹಾಕುವ ರೀಲ್‌ಗಳೂ ಪ್ರಚಾರವೇ ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. ಎಂಟು ವರ್ಷದ ಮಗುವಿನ ಡ್ರಿಬ್ಲಿಂಗ್ ವಿಡಿಯೊಗೆ ‘ನಮ್ಮೂರ ಮೆಸ್ಸಿ’ ಎಂದು ಹೆಸರಿಡುವವರು ಅಡುವಿನ ಪಕ್ಕ ಪೆಲೆಯನ್ನು ನಿಲ್ಲಿಸಿದವರ ಕೆಲಸವನ್ನೇ ಸಣ್ಣದಾಗಿ ಮಾಡುತ್ತಿರುತ್ತಾರೆ.

ಬೇರೆ ಕ್ಲಬ್ ಕರೆದಾಗ ಸಂಬಳ ಕೇಳುವ ಮೊದಲು ಕೇಳಬೇಕಾದವು ಕೆಲವಿವೆ. ಕರೆಯುತ್ತಿರುವ ಕೋಚ್‌ನ ಒಪ್ಪಂದ ಇನ್ನೆಷ್ಟು ತಿಂಗಳಿದೆ? ಅವರು ಹೋದರೆ ನಮ್ಮ ಹುಡುಗನ ಯೋಜನೆ ಯಾರ ಕೈಗೆ? ಅವನು ಆಡುವ ಜಾಗದಲ್ಲಿ ಈಗ ಯಾರಿದ್ದಾರೆ, ಅವರ ವಯಸ್ಸೆಷ್ಟು? ಮೊದಲ ತಂಡದಲ್ಲಿ ಜಾಗ ಸಿಗದ ವಾರ ಅವನು ಎಲ್ಲಿ ಆಡುತ್ತಾನೆ? ಉಳಿಯುವುದು ಯಾರ ಮನೆಯಲ್ಲಿ, ಅಡುಗೆ ಯಾರದು, ಜೊತೆಗೆ ಅದೇ ವಯಸ್ಸಿನ ಇನ್ನೊಬ್ಬನಿದ್ದಾನೆಯೇ? ಶಾಲೆ ಎಷ್ಟು ದೂರ? ಕೊನೆಯ ಎರಡು ಪ್ರಶ್ನೆಗೆ ಕ್ಲಬ್‌ನವರು ಫೋನ್ ತೆಗೆದು ಇನ್ಯಾರನ್ನೋ ವಿಚಾರಿಸಬೇಕಾಗಿ ಬಂದರೆ, ಸಹಿಯನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳಬಹುದು.